ಅರಸರ ಕಾಲ ಮುಗಿದ ಮೇಲೂ ಯೇಸುವನ್ನು ಅರಸ ಎನ್ನುವುದೇಕೆ?

ಪ್ರಶ್ನೆ: ನಮ್ಮ ಬೀದಿಯಲ್ಲಿ ನಾಲ್ಕಾರು ಕ್ರೈಸ್ತರ ಮನೆಗಳಿವೆ. ಗರಿಗಳ ಭಾನುವಾರ ಮೆರವಣಿಗೆ ಹೋಗುವಾಗಲೂ ಕ್ರಿಸ್‌ಮಸ್ ರಾತ್ರಿ ಹಾಡುವಾಗಲೂ ಯೇಸುವನ್ನು ರಾಜ, ರಾಜಾಧಿರಾಜ ಎನ್ನುತ್ತಾರೆ. ಬಡಗಿಯ ಮನೆಯಲ್ಲಿ ಬೆಳೆದವನು ರಾಜ ಹೇಗಾದ? ರಾಜರೆಲ್ಲ ಹೋಗಿ ದೇಶಕ್ಕೊಂದು ಸಂವಿಧಾನ ಬಂದಿರುವಾಗ ಇನ್ನೊಬ್ಬ ಅರಸನಿಗೆ ನಿಷ್ಠೆ ಎಂದರೆ ಏನು? ಆಕ್ಷೇಪಣೆಗಾಗಿ ಕೇಳುತ್ತಿಲ್ಲ, ತಿಳಿಯುವ ಆಸೆಯಿಂದ ಕೇಳುತ್ತಿದ್ದೇನೆ. (ಓದುಗರೊಬ್ಬರು, ಶ್ರೀನಿವಾಸಪುರ)

ಉತ್ತರ: ಎರಡನೆಯ ಪ್ರಶ್ನೆಯೇ ದೊಡ್ಡದು. ಆದರೆ ಮೊದಲನೆಯದನ್ನು ದಾಟದೆ ಅಲ್ಲಿಗೆ ಹೋಗಲು ದಾರಿಯಿಲ್ಲ.

ದೇವರನ್ನು ಅರಸನೆಂದು ಕಾಣುವುದು ನಿಮ್ಮ ಸೀಮೆಗೆ ಹೊಸತೇನಲ್ಲ. ದೇವಸ್ಥಾನದ ಪೂಜೆಯ ಕೊನೆಗೆ ಛತ್ರ, ಚಾಮರ, ಗೀತ, ನೃತ್ಯ ಎಂದು ರಾಜೋಪಚಾರ ನಡೆಯುತ್ತದೆ. ಮುಳಬಾಗಿಲಿನ ಆಂಜನೇಯನ ಮುಂದೆ ನಿಂತವರಿಗೆ, ಈತ ಒಬ್ಬ ಅರಸನ ಬಂಟ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಊರಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹರಿಯ ದಾಸರಾಗುವುದೇ ಹಿರಿಮೆ ಎಂದು ಕನ್ನಡದಲ್ಲಿ ಹಾಡಿದವರ ಸಾಲಿನಲ್ಲಿ ಅವರು ಮೊದಲಿಗರಲ್ಲೊಬ್ಬರು. ಕ್ರೈಸ್ತರ ಪೌಲನೂ ತನ್ನ ಪತ್ರಗಳಲ್ಲಿ ತಾನು ಕ್ರಿಸ್ತನ ದಾಸನೆಂದೇ ಹೇಳಿಕೊಳ್ಳುತ್ತಾನೆ. ಹಾಗಾಗಿ ನಿಮ್ಮ ನೆರೆಯವರು ಬಳಸುವ ಹೆಸರಿನಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವಿರುವುದು ಆ ಅರಸನ ಕಥೆಯಲ್ಲಿ.

ಯೇಸು ಯೆರೂಸಲೇಮಿಗೆ ಕತ್ತೆಯ ಮೇಲೆ ಬಂದ. ಗರಿಗಳ ಭಾನುವಾರ ನೆನೆಯುವುದು ಇದನ್ನೇ. ಅದೇ ವಾರ ಅವನನ್ನು ಹಿಡಿದ ರೋಮನ್ ಸಿಪಾಯಿಗಳು ಕೆನ್ನೀಲಿ ಬಟ್ಟೆ ಹೊದಿಸಿ, ಮುಳ್ಳಿನ ಕಿರೀಟ ತೊಡಿಸಿ, ಕೈಗೆ ರಾಜದಂಡವೆಂದು ಬೆತ್ತ ಕೊಟ್ಟು, ಮುಂದೆ ಮೊಣಕಾಲೂರಿ ಅಣಕಿಸಿದರು. ಶಿಲುಬೆಯ ಮೇಲೆ ದೇಶಾಧಿಪತಿ ಪಿಲಾತ ಒಂದು ಫಲಕ ಹಾಕಿಸಿದ: ಈತ ಯೆಹೂದ್ಯರ ಅರಸ ಎಂದು, ಹೀಬ್ರೂ, ಲ್ಯಾಟಿನ್, ಗ್ರೀಕ್ ಮೂರೂ ಭಾಷೆಗಳಲ್ಲಿ. (ಬಸ್‌ ನಿಲ್ದಾಣದಲ್ಲಿ ನಿಂತರೆ ಒಂದೇ ಉಸಿರಿಗೆ ಕನ್ನಡ, ತೆಲುಗು, ತಮಿಳು, ಉರ್ದು ಕಿವಿಗೆ ಬೀಳುವ ಕೋಲಾರ ಜಿಲ್ಲೆಯವರಿಗೆ ಇದು ಸಹಜವೆನ್ನಿಸಬೇಕು.) ಅದನ್ನು ಓದಿದ ಮಹಾಯಾಜಕರು, ಅರಸನೆಂದು ಬರೆಯಬೇಡಿ, ಅರಸನೆಂದು ಹೇಳಿಕೊಂಡ ಎಂದು ತಿದ್ದಿ ಎಂದರು. ಪಿಲಾತ ತಿದ್ದಲಿಲ್ಲ. ಕ್ರೈಸ್ತರ ನಂಬಿಕೆಯಲ್ಲಿ ಅಣಕಕ್ಕೆ ಬರೆದ ಆ ಫಲಕವೇ ಸತ್ಯವಾಯಿತು.

ನನಗೆ ಇದಕ್ಕಿಂತ ಮುಖ್ಯವೆನ್ನಿಸುವ ಪ್ರಸಂಗ ಬೇರೆ ಇದೆ. ಯೋಹಾನನ ಸುವಾರ್ತೆಯಲ್ಲಿ ಯೇಸು ಐದು ರೊಟ್ಟಿ, ಎರಡು ಮೀನಿನಿಂದ 5,000 ಮಂದಿಗೆ ಉಣಬಡಿಸುತ್ತಾನೆ. ಹೊಟ್ಟೆ ತುಂಬಿದ ಜನ ಅವನನ್ನು ಬಲವಂತವಾಗಿ ಹಿಡಿದು ಅರಸನನ್ನಾಗಿ ಮಾಡಲು ಹೊರಡುತ್ತಾರೆ. ಅವನು ಒಬ್ಬನೇ ಬೆಟ್ಟ ಹತ್ತಿ ತಪ್ಪಿಸಿಕೊಳ್ಳುತ್ತಾನೆ. ಅನ್ನ ಹಾಕಿದ್ದಕ್ಕೆ ಪ್ರತಿಯಾಗಿ ಬಂದ ಕಿರೀಟ ಅವನಿಗೆ ಬೇಡ.

ಕೋಲಾರದ ಕ್ರೈಸ್ತರ ಚರಿತ್ರೆಯನ್ನು ಈ ಪ್ರಸಂಗದ ಪಕ್ಕದಲ್ಲಿಟ್ಟು ನೋಡಬೇಕು. 1876ರಿಂದ 78ರವರೆಗಿನ ಬರವನ್ನು ನಿಮ್ಮ ಕಡೆ ಧಾತು, ಈಶ್ವರ ಸಂವತ್ಸರಗಳ ಬರವೆಂದೂ ತೆಲುಗು ಮನೆಗಳಲ್ಲಿ ಧಾತ ಕರುವೆಂದೂ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ಆಗ ಮೈಸೂರಿನಲ್ಲಿ ಅರಸರ ಆಳ್ವಿಕೆಯೇ ಇರಲಿಲ್ಲ. 1831ರಿಂದ 1881ರ ತನಕ ಆಳಿದವರು ಬ್ರಿಟಿಷ್ ಕಮಿಷನರುಗಳು. ತಂದೆತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳನ್ನು ಕೋಲಾರದಲ್ಲಿ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಸಾಕಿದರು. ಆ ಅನಾಥಾಲಯ ಮತ್ತು ಮಿಷನ್ 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಗೆ ಬಂದವು. ಕೋಲಾರ ಸೀಮೆಯ ಮೆಥೊಡಿಸ್ಟ್ ಸಭೆಗಳ ಬೇರು ಅಲ್ಲಿದೆ. ಕೋಲಾರದ ಇಟಿಸಿಎಂ ಆಸ್ಪತ್ರೆ ಎಂದರೆ ನಿಮಗೆಲ್ಲ ಗೊತ್ತು. ಅದರ ಹೆಸರಿನಲ್ಲಿರುವ ಎಲನ್ ಥೋಬರ್ನ್ ಕೋವೆನ್, ಇಂಡಿಯಾದಲ್ಲಿ ಬಿಷಪ್ ಆಗಿದ್ದ ಜೇಮ್ಸ್ ಥೋಬರ್ನ್ ಮತ್ತು ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಬೆಲ್ಲಾ ಥೋಬರ್ನ್ ಇವರ ಸಹೋದರಿ.

ಹೊಟ್ಟೆಗೆ ಹಾಕಿ ಮತಕ್ಕೆ ಸೇರಿಸಿಕೊಂಡರು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಅದನ್ನು ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಐದಾರು ವರ್ಷದ ಮಗುವಿಗೆ ಆಯ್ಕೆ ಎಲ್ಲಿಂದ ಬರಬೇಕು? ಸಾಕಿದವರ ದೇವರು ಸಾಕಿಸಿಕೊಂಡವರ ದೇವರಾದ, ಅಷ್ಟೆ. ಆದರೆ ಆ ಮಗುವಿಗೆ ಕಲಿಸಿದ ಪುಸ್ತಕದಲ್ಲೇ, ಊಟ ಹಾಕಿ ಅರಸನಾಗಲು ಒಪ್ಪದೆ ಬೆಟ್ಟಕ್ಕೆ ಓಡಿದವನ ಕಥೆ ಇತ್ತು. ಓದಲು ಕಲಿತ ಮಕ್ಕಳು ಅದನ್ನೂ ಓದಿದರು. ಮಿಷನ್‌ಗೆ ಸಲ್ಲುವ ಕೃತಜ್ಞತೆ ಬೇರೆ, ಕ್ರಿಸ್ತನಿಗೆ ಸಲ್ಲುವ ನಿಷ್ಠೆ ಬೇರೆ ಎಂದು ವಿಂಗಡಿಸಲು ಬೇಕಾದ ಅಳತೆಗೋಲು ಹೀಗೆ ಮಿಷನರಿಗಳ ಕೈಯಿಂದಲೇ ಅವರಿಗೆ ಸಿಕ್ಕಿತು. ವಿದೇಶಿ ಮಿಷನರಿಗಳು ಹೋದರೂ ಸಭೆ ಉಳಿಯಿತು. 1981ರಲ್ಲಿ ಇಂಡಿಯಾದ ಮೆಥೊಡಿಸ್ಟ್ ಸಭೆ ಅಮೆರಿಕದ ಹಿಡಿತದಿಂದ ಹೊರಬಂದು ಸ್ವತಂತ್ರವೂ ಆಯಿತು.

ದೈವದ ಅರಸನನ್ನೂ ಲೋಕದ ಅರಸರನ್ನೂ ಬೆರೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಮಾಲೂರಿನ ಮೂಲಕ ಹೇಳಬಹುದು. ಮಾಲೂರು ತಾಲ್ಲೂಕಿನ ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದುಕೊಟ್ಟದ್ದು ಪ್ರಜೆಗಳ ನಿಷ್ಠೆ ಕಳೆದುಕೊಂಡ ಕೊಡಗಿನ ಅರಸನ ಕಾದಂಬರಿ, ‘ಚಿಕವೀರ ರಾಜೇಂದ್ರ’. 1834ರಲ್ಲಿ ಪಟ್ಟ ಕಳೆದುಕೊಂಡ ಆ ಅರಸ, ಈಸ್ಟ್ ಇಂಡಿಯಾ ಕಂಪನಿ ಕಿತ್ತುಕೊಂಡ ಹಣವನ್ನು ವಾಪಸ್ ಕೇಳಲು 1852ರಲ್ಲಿ ಲಂಡನ್‌ಗೆ ಹೋದ. ಜೊತೆಗೆ ಮಗಳು ಗೌರಮ್ಮ, ಹನ್ನೊಂದರ ಹುಡುಗಿ. ಅವಳಿಗೆ ಅದೇ ವರ್ಷ ದೀಕ್ಷಾಸ್ನಾನವಾಯಿತು. ಧರ್ಮಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ಹುಡುಗಿಯ ಹೆಸರೂ ವಿಕ್ಟೋರಿಯಾ ಗೌರಮ್ಮ ಎಂದಾಯಿತು. ಅಪ್ಪನಿಗೆ ರಾಜ್ಯವೂ ಬರಲಿಲ್ಲ, ಗೌರಮ್ಮ 1864ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡಳು. ಆ ದೀಕ್ಷಾಸ್ನಾನದ ಸಮಾರಂಭದಲ್ಲಿ ಯಾವ ಅರಸನ ಹೆಸರು ಜೋರಾಗಿ ಕೇಳಿಸಿತು ಎಂದು ನನಗೆ ಅನುಮಾನವಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಯೇಸು ಪಿಲಾತನ ಮುಂದೆ ತಾನು ಅರಸನಲ್ಲ ಎನ್ನಲಿಲ್ಲ. ತನ್ನ ರಾಜ್ಯ ಈ ಲೋಕದ ಬಗೆಯದಲ್ಲ, ಆಗಿದ್ದರೆ ತನ್ನವರು ಕಾದಾಡುತ್ತಿದ್ದರು ಎಂದ. ತೆರಿಗೆಯ ವಿಚಾರ ಬಂದಾಗ ಕೈಸರನಿಗೆ, ಅಂದರೆ ರೋಮನ್ ಚಕ್ರವರ್ತಿಗೆ, ಸಲ್ಲಬೇಕಾದ್ದು ಕೈಸರನಿಗೇ ಸಲ್ಲಲಿ ಎಂದ. ಹಾಗಾದರೆ ರೋಮನ್ ಸಾಮ್ರಾಜ್ಯಕ್ಕೆ ಅವನ ಹಿಂಬಾಲಕರ ಮೇಲೆ ಅಷ್ಟು ಸಿಟ್ಟೇಕೆ? ಕೈಸರ ಸುಂಕದ ಜೊತೆ ಧೂಪವನ್ನೂ ಕೇಳಿದ್ದಕ್ಕೆ. ಸುಮಾರು ಕ್ರಿ.ಶ. 155ರಲ್ಲಿ, ಇಂದಿನ ಟರ್ಕಿಯ ಇಜ್ಮಿರ್ ಆಗಿರುವ ಸ್ಮುರ್ನದಲ್ಲಿ, ಪೋಲಿಕಾರ್ಪ ಎಂಬ ಮುದುಕ ಬಿಷಪ್‌ನನ್ನು ಹಿಡಿದು, ಕೈಸರನೇ ಒಡೆಯ ಎನ್ನು, ಬಿಟ್ಟುಬಿಡುತ್ತೇವೆ ಎಂದರು. 86 ವರ್ಷ ಕ್ರಿಸ್ತನ ಸೇವೆ ಮಾಡಿದ್ದೇನೆ, ಅವನಿಂದ ನನಗೆ ಒಂದು ಅನ್ಯಾಯವೂ ಆಗಿಲ್ಲ, ನನ್ನ ಅರಸನನ್ನು ಹೇಗೆ ಬೈಯಲಿ ಎಂಬರ್ಥದ ಉತ್ತರ ಕೊಟ್ಟು ಸತ್ತ. ಸುಂಕ ಕೊಡುವುದಿಲ್ಲ ಎಂದು ಅವನು ಹೇಳಲಿಲ್ಲ ಎನ್ನುವುದನ್ನು ಗಮನಿಸಿ.

ಹೀಗಾಗಿ ಕ್ರಿಸ್ತ ಅರಸ ಎನ್ನುವ ಮಾತು ಆಳುವವರಿಗೆ ಒಂದು ಗಡಿಕಲ್ಲು. ಇಲ್ಲಿಯವರೆಗೆ ನಿನ್ನ ಹೊಲ, ಇದರಾಚೆಗೆ ಬರಬೇಡ ಎಂದು ಅದು ಹೇಳುತ್ತದೆ. ಪೋಪ್ 11ನೇ ಪಯಸ್ ಕ್ರಿಸ್ತರಾಜನ ಹಬ್ಬವನ್ನು ಸ್ಥಾಪಿಸಿದ್ದು 1925ರ ಡಿಸೆಂಬರ್ 11ರಂದು. ಆ ವರ್ಷವೇ ಇಟಲಿಯಲ್ಲಿ ಮುಸೊಲಿನಿ ಸರ್ವಾಧಿಕಾರಿಯಾಗಿ ಗಟ್ಟಿಯಾಗಿ ಕುಳಿತ. ಮೊದಲು ಅಕ್ಟೋಬರ್‌ನ ಕೊನೆಯ ಭಾನುವಾರ ಬರುತ್ತಿದ್ದ ಹಬ್ಬವನ್ನು 1969ರ ತಿದ್ದುಪಾಟಿನಲ್ಲಿ ಆಗಮನ ಕಾಲಕ್ಕೆ ಹಿಂದಿನ ಭಾನುವಾರಕ್ಕೆ, ಅಂದರೆ ನವೆಂಬರ್ ಕೊನೆಯ ಹೊತ್ತಿಗೆ, ಸರಿಸಿದರು. ಜರ್ಮನಿಯ ಪ್ರಾಟೆಸ್ಟಂಟರಲ್ಲಿ ಒಂದು ಗುಂಪು 1934ರ ಮೇ ತಿಂಗಳಲ್ಲಿ ಬಾರ್ಮನ್ ಊರಿನಲ್ಲಿ ಸೇರಿ, ಸಭೆಗೆ ಕ್ರಿಸ್ತನಲ್ಲದೆ ಬೇರೆ ಒಡೆಯನಿಲ್ಲ ಎಂದು ಘೋಷಿಸಿತು. ಆಗ ಅಲ್ಲಿ ಹಿಟ್ಲರ್ ಇದ್ದ. ಗಡಿಕಲ್ಲನ್ನು ಕಿತ್ತು ಎದುರಾಳಿಯ ತಲೆಗೆ ಎತ್ತಿದವರೂ ಇದ್ದಾರೆ. ಮೆಕ್ಸಿಕೊದಲ್ಲಿ 1926ರಿಂದ 29ರವರೆಗೆ, ಚರ್ಚಿನ ಮೇಲೆ ಸರ್ಕಾರ ಹೇರಿದ ನಿರ್ಬಂಧಗಳ ವಿರುದ್ಧ ಕ್ರಿಸ್ತರಾಜನಿಗೆ ಜಯಕಾರ ಹಾಕುತ್ತಲೇ ಜನ ಬಂದೂಕು ಹಿಡಿದರು. ಸರ್ಕಾರದ ಕ್ರೌರ್ಯ ನಿಜ, ಆದರೂ ತನ್ನನ್ನು ಹಿಡಿಯಲು ಬಂದವರ ಮೇಲೆ ಕತ್ತಿ ಎತ್ತಿದ ಶಿಷ್ಯನನ್ನು ತಡೆದ ಅರಸನಿಗೆ ಆ ಜಯಕಾರ ಹೇಗೆ ಒಪ್ಪಿತೋ ತಿಳಿಯದು.

ನಿಮ್ಮ ಬೀದಿಯ ಆ ನಾಲ್ಕಾರು ಮನೆಗಳು ಒಂದೇ ಸಭೆಗೆ ಸೇರಿದವು ಎಂದುಕೊಳ್ಳಬೇಡಿ. ಕ್ಯಾಥೊಲಿಕರಾದರೆ ನವೆಂಬರ್‌ನ ಹಬ್ಬದ ಹೊತ್ತಿಗೆ ಪರಮ ಪ್ರಸಾದದ ಮೆರವಣಿಗೆ ಇರಬಹುದು. ಮೆರವಣಿಗೆಯಲ್ಲಿ ಅರಸನೆಂದು ಅವರು ಹೊತ್ತು ಸಾಗುವುದು ಒಂದು ಸಣ್ಣ ರೊಟ್ಟಿಯನ್ನು. (ಮೈಸೂರು ದಸರೆಯ ಅಂಬಾರಿಯಲ್ಲೂ ಈಗ ಅರಸರು ಕೂರುವುದಿಲ್ಲ, ರಾಜಧನ ರದ್ದಾದ ಕಾಲದಿಂದ ಆ ಜಾಗ ಚಾಮುಂಡೇಶ್ವರಿಯದು. ಅಂಬಾರಿ ಮನುಷ್ಯನಿಂದ ದೇವಿಗೆ ಹೋದದ್ದು ನಮ್ಮ ಗಣರಾಜ್ಯಕ್ಕೆ ತೊಂದರೆ ಎಂದು ಯಾರಿಗೂ ಅನ್ನಿಸಿಲ್ಲ.) ಮೆಥೊಡಿಸ್ಟರಾದರೆ ಇ. ಸ್ಟ್ಯಾನ್ಲಿ ಜೋನ್ಸ್ ಹೆಸರು ಕೇಳಿ ನೋಡಿ. ಕೋಲಾರಕ್ಕೆ ಬಂದ ಸಭೆಯವರೇ ಆದ ಅವರು ಕ್ರಿಸ್ತನನ್ನು ಭಾರತದ ದಾರಿಯಲ್ಲಿ ನಡೆಸಿ ನೋಡಿದ ಪುಸ್ತಕ ಹೊರಬಂದದ್ದೂ 1925ರಲ್ಲೇ. ದೇವರ ರಾಜ್ಯ ಎಂಬ ಒಂದೇ ವಿಷಯವನ್ನು ಹಿಡಿದು ಅವರು ಜೀವಮಾನವಿಡೀ ಬರೆದರು. 1973ರ ಜನವರಿಯಲ್ಲಿ ಬರೇಲಿಯಲ್ಲಿ ತೀರಿಕೊಂಡರು. ಈ ಎರಡೂ ಸಭೆಗಳವರು ಆರಾಧನೆಯಲ್ಲಿ ದೇಶವನ್ನು ಆಳುವವರಿಗಾಗಿಯೂ ಪ್ರಾರ್ಥಿಸುತ್ತಾರೆ, ಪಕ್ಷ ಯಾವುದೆಂದು ಕೇಳದೆ.

ಇನ್ನೊಂದು ಗುಂಪು ಯೆಹೋವನ ಸಾಕ್ಷಿಗಳದು. ಉಳಿದ ಕ್ರೈಸ್ತರಿಗೂ ಇವರಿಗೂ ಸಿದ್ಧಾಂತದಲ್ಲಿ ದೊಡ್ಡ ಅಂತರವಿದೆ, ಆದರೆ ಕ್ರಿಸ್ತನ ರಾಜ್ಯವನ್ನು ಅಕ್ಷರಶಃ ಒಂದು ಸರ್ಕಾರವೆಂದು ತಿಳಿಯುವವರು ಇವರೇ. ಅದಕ್ಕೇ ಮತ ಹಾಕುವುದಿಲ್ಲ, ಸೈನ್ಯಕ್ಕೆ ಸೇರುವುದಿಲ್ಲ, ರಾಷ್ಟ್ರಗೀತೆ ಹಾಡುವುದಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದು ಈ ಕಾರಣಕ್ಕೆ ಒಂದೇ ಕುಟುಂಬದ ಮೂವರು ಮಕ್ಕಳನ್ನು ಹೊರಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮಕ್ಕಳು ಗೀತೆ ನಡೆಯುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. 1986ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಪೀಠ, ನಂಬಿಕೆಯಿಂದ ಹಾಡದೆ ನಿಂತ ಮಕ್ಕಳನ್ನು ಹೊರಹಾಕುವುದು ಸಂವಿಧಾನದ 19 ಮತ್ತು 25ನೇ ವಿಧಿಗಳು ಕೊಟ್ಟ ಹಕ್ಕಿಗೆ ವಿರುದ್ಧವೆಂದು ತೀರ್ಮಾನಿಸಿ, ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಬೇರೊಬ್ಬ ಅರಸನಿಗೆ ನಿಷ್ಠೆ ಎಂದರೇನು ಎಂದು ನೀವು ಕೇಳಿದ್ದಕ್ಕೆ ನಮ್ಮ ದೇಶದ ಕಾನೂನಿನಲ್ಲಿ ಸಿಗುವ ಅತಿ ಸ್ಪಷ್ಟ ಉತ್ತರ ಆ ತೀರ್ಪಿನಲ್ಲಿದೆ. ಬಿಜೋ ಇಮ್ಯಾನುಯೆಲ್ ಮತ್ತು ಕೇರಳ ರಾಜ್ಯ ಎಂಬ ಹೆಸರಿನಲ್ಲಿ ಹುಡುಕಿದರೆ ನಿಮಗೆ ಸಿಗುತ್ತದೆ. ಉದ್ದವೇನಿಲ್ಲ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.