ಬೋಲ್ಟಿನ ತಿರುಪು: ಕೊಳ್ಳುವ ಮೊದಲು ಪರೀಕ್ಷೆ



ಪುಟ್ಟೇನಹಳ್ಳಿ ಈಗ ಬೆಂಗಳೂರಿನೊಳಗೆ ಸೇರಿಹೋಗಿದೆ. ಆದರೆ ಕನಕಪುರ ರಸ್ತೆ ಹಿಡಿದು ಹೊರಟರೆ ಪಂಪಿನ ನೀರನ್ನೇ ನಂಬಿದ ತೋಟಗಳು ಸಿಗುತ್ತವೆ. ಅಂಥದೊಂದು ತೋಟದಲ್ಲಿ ಕಳೆದ ಬೇಸಿಗೆ ಪಂಪಿನ ಬುಡದ ಬೋಲ್ಟು ಕಳಚಿತು. ಟೊಮೇಟೊ ಸಸಿಗಳು ಎರಡು ದಿನ ನೀರಿಲ್ಲದೆ ಬಾಡಿದವು. ಬೋಲ್ಟು ಹೊಸದು, ತಂದುಕೊಟ್ಟವನು ನಾನೇ.

ನಟ್ಟು ೧೦ ಮಿಲಿಮೀಟರಿನದು. ಬೋಲ್ಟು ೩/೮ ಅಂಗುಲದ್ದು, ಅಂದರೆ ಸುಮಾರು ೯.೫ ಮಿ.ಮೀ. ಕೈಯಲ್ಲಿ ತಿರುವಿದರೆ ಕೆಲವು ಸುತ್ತು ಸಲೀಸಾಗಿ ಏರುತ್ತದೆ, ಸ್ಪ್ಯಾನರಿಗೆ ಬಿಗಿಯಾದಂತೆಯೂ ತೋರುತ್ತದೆ. ಆದರೆ ಭಾರ ಹೊರುವುದು ಒಂದೆರಡು ಏಣುಗಳು ಮಾತ್ರ. ಪಂಪು ಅದುರಿದಂತೆ ಅವು ಸವೆದು ಹೋಗುತ್ತವೆ.

ಈ ಅಂಗುಲದ ತಿರುಪನ್ನು ೧೮೪೧ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್ವರ್ತ್ ಗೊತ್ತುಮಾಡಿದನು. ಅದರ ಏಣಿನ ಕೋನ ೫೫ ಡಿಗ್ರಿ, ಮೆಟ್ರಿಕ್ ತಿರುಪಿನದು ೬೦. ೧೯೫೬ರ ಶಾಸನದಿಂದ ನಮ್ಮ ದೇಶ ಮೆಟ್ರಿಕ್ ಅಳತೆಗೆ ಬಂದರೂ ಹಳೆಯ ಯಂತ್ರಗಳೊಂದಿಗೆ ಹಳೆಯ ಬೋಲ್ಟುಗಳೂ ಉಳಿದುಕೊಂಡವು.

ಪರೀಕ್ಷೆ ಕಷ್ಟವಲ್ಲ. ಬೋಲ್ಟನ್ನು ಒರೆಸಿ, ಉದ್ದಕ್ಕೆ ಸ್ಕೇಲು ಇಡಿರಿ. ಸೊನ್ನೆಯ ಗೆರೆಗೆ ಬಂದ ಏಣನ್ನು ಬಿಟ್ಟು ಮುಂದಿನದರಿಂದ ಎಣಿಸಿರಿ. ೧೦ ಮಿ.ಮೀ. ಬೋಲ್ಟಿನಲ್ಲಿ ೩೦ ಮಿ.ಮೀ. ಗೆರೆಯ ಮೇಲೆ ೨೦ನೆಯ ಏಣು ಬರಬೇಕು. ೧೯ನೆಯದೇ ಅಲ್ಲಿಗೆ ಬಂದರೆ ಅದು ೩/೮ ಅಂಗುಲದ್ದು. ಮೋಟು ಬೋಲ್ಟಾದರೆ ೧೫ ಮಿ.ಮೀ.ಗೆ ೧೦ ಏಣು. ಹಲ್ಲಿನ ಪಟ್ಟಿಗಳ ಪಿಚ್ ಗೇಜು ಸಿಕ್ಕರೆ ತಿರುಪಿಗೆ ಒತ್ತಿ ಬೆಳಕಿಗೆ ಹಿಡಿಯಿರಿ, ಸಂದು ಕಾಣಬಾರದು.

ಏಣುಗಳ ಅಂತರ ಸರಿಯಿದ್ದರೂ ಲೇತಿನಲ್ಲಿ ಹೆಚ್ಚು ಕೊರೆದು ತಿರುಪು ತೆಳುವಾಗಿರಬಹುದು. ಇದು ಕಣ್ಣಿಗೆ ಕಾಣದು. ಕಾರ್ಖಾನೆಗಳಲ್ಲಿ ಇದಕ್ಕೆ ಎರಡು ಬಳೆ ಗೇಜುಗಳಿವೆ. ‘ಗೋ’ ಗೇಜು ಬಲ ಹಾಕದೆ ಕೊನೆಯವರೆಗೆ ಏರಬೇಕು. ‘ನೋ ಗೋ’ ಎರಡು ಸುತ್ತಿಗಿಂತ ಹೆಚ್ಚು ಏರಬಾರದು. ಏರಿತೋ, ಬೋಲ್ಟು ತಿರಸ್ಕೃತ. ನಟ್ಟಿಗಾದರೆ ಬಳೆಯ ಬದಲು ಬಿರಡೆಯಂಥ ಗೇಜು. ಗೇಜುಗಳೂ ಸವೆಯುವುದರಿಂದ ಅವನ್ನೂ ಆಗಾಗ ಅಳೆಯಿಸಬೇಕು. ೧೯೬೨ರಲ್ಲಿ ಸ್ಥಾಪನೆಯಾಗಿ ಈಗ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆಯೆನಿಸಿರುವ ಬೆಂಗಳೂರಿನ ಸಂಸ್ಥೆಯಲ್ಲಿ ಇಂಥ ಸೂಕ್ಷ್ಮ ಅಳತೆಯ ಕೆಲಸ ನಡೆಯುತ್ತದೆ.

ನಮ್ಮ ಹಳ್ಳಿಯ ಲೇತಿನವರಲ್ಲಿ ಗೇಜು ಇಲ್ಲದಿರಬಹುದು. ಆಗ ನಟ್ಟನ್ನು ಒಯ್ದು, ಬೋಲ್ಟಿನ ಕೊನೆಯವರೆಗೆ ಏರಿಸಿ, ಅಲ್ಲಾಡಿಸಿ ನೋಡಿಯೇ ಹಣ ಕೊಡಿರಿ. ತಲೆಯ ಮೇಲೆ ೮.೮ ಎಂದು ಅಚ್ಚಾಗಿದ್ದರೆ ಅದು ಮೆಟ್ರಿಕ್ ಬೋಲ್ಟು.

ಪೈಪಿನ ತಿರುಪಿಗೆ ಮಾತ್ರ ಈ ಲೆಕ್ಕ ಹಾಕಬೇಡಿರಿ. ಅಲ್ಲಿ ಇಂದಿಗೂ ಅಂಗುಲದ್ದೇ ರಾಜ್ಯ. ಒಂದಂಗುಲ ಪೈಪಿನ ತಿರುಪಿನ ಹೊರವ್ಯಾಸ ೩೩ ಮಿ.ಮೀ.ಗಿಂತ ಹೆಚ್ಚು! ಅದನ್ನು ಇನ್ನೊಮ್ಮೆ ಬರೆಯುತ್ತೇನೆ.