ಸರಕಿನ ಛಾಯಾಚಿತ್ರದ ಕಳವು: ಹಕ್ಕು ಯಾರದು, ಪುರಾವೆ ಯಾವುದು?

ಅಂಗಡಿಗೆ ಬಂದ ಗಿರಾಕಿಯು ಸರಕನ್ನು ಕೈಯಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿ ಕೊಳ್ಳುತ್ತಾನೆ. ಅಂತರಜಾಲದ ಮಾರಾಟದಲ್ಲಿ ಈ ಅವಕಾಶವಿಲ್ಲ. ಅಲ್ಲಿ ಛಾಯಾಚಿತ್ರವೇ ಮಾದರಿ, ಛಾಯಾಚಿತ್ರವೇ ಭರವಸೆ. ಆದುದರಿಂದ ಒಬ್ಬ ವರ್ತಕನ ಲಿಸ್ಟಿಂಗಿನ ಚಿತ್ರವನ್ನು ಮತ್ತೊಬ್ಬನು ಎತ್ತಿಕೊಂಡು ತನ್ನ ಸರಕಿನ ಮೇಲೆ ಹಾಕಿಕೊಂಡಾಗ ಗಿರಾಕಿಯ ಭರವಸೆಯೂ ಚಿತ್ರದೊಡನೆ ಅವನ ಪಾಲಾಗುತ್ತದೆ.

ಉದಾಹರಣೆಗಾಗಿ ಇಳಕಲ್ಲಿನ ಒಬ್ಬ ಸೀರೆ ವರ್ತಕರನ್ನು ಕಲ್ಪಿಸಿಕೊಳ್ಳಬಹುದು. ಕೈಮಗ್ಗದ ಸೀರೆಯ ಟೋಪ್ ತೆನಿ ಸೆರಗು, ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಕೂಡಿಸಿದ ಜಾಗ, ಅಂಚಿನ ನೇಯ್ಗೆ ಇವೆಲ್ಲ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆಸಿ, 2,800 ರೂಪಾಯಿ ಬೆಲೆಗೆ ಅವರು ಲಿಸ್ಟಿಂಗ್ ಮಾಡಿದ್ದಾರೆ. ಕೆಲವೇ ವಾರಗಳಲ್ಲಿ ಅದೇ ಚಿತ್ರ ಬೇರೆಡೆ 899 ರೂಪಾಯಿಗೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕೊಂಡವರ ಮನೆಗೆ ಹೋಗುವುದು ವಿದ್ಯುತ್ ಮಗ್ಗದ ಅನುಕರಣೆ, ಅಥವಾ ಸೆರಗಿನ ವಿನ್ಯಾಸವನ್ನು ಅಚ್ಚು ಹಾಕಿದ ಕೃತಕ ನೂಲಿನ ಬಟ್ಟೆ. ಮೋಸಹೋದ ಗಿರಾಕಿಯು ಮುಂದೆ ಅಸಲು ಸೀರೆಯ ಚಿತ್ರವನ್ನು ಕಂಡರೂ ನಂಬುವುದಿಲ್ಲ. ವರ್ತಕರ ಮಾರಾಟ ಇಳಿಯುತ್ತದೆ, ನೇಕಾರರಿಗೆ ಕೊಡುವ ಆರ್ಡರ್ ಕಡಿಮೆಯಾಗುತ್ತದೆ.

ಇಂತಹ ಸಂದರ್ಭದಲ್ಲಿ ವರ್ತಕರು ಮೊದಲು ಕೇಳುವ ಪ್ರಶ್ನೆ, ‘ದೂರು ಎಲ್ಲಿ ಕೊಡಬೇಕು?’ ಎಂಬುದು. ಅದಕ್ಕೂ ಮುಂಚೆ ಉತ್ತರಿಸಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಚಿತ್ರ ನಿಜವಾಗಿ ದೂರುದಾರರದೇ? ಹಣ ಖರ್ಚು ಮಾಡಿದ ಮಾತ್ರಕ್ಕೆ, ಸೀರೆ ತಮ್ಮದಾದ ಮಾತ್ರಕ್ಕೆ, ಚಿತ್ರವೂ ತಮ್ಮದೆಂದು ಭಾವಿಸುವುದು ಸಾಮಾನ್ಯ. ಕಾನೂನು ಹಾಗೆ ಭಾವಿಸುವುದಿಲ್ಲ.

ಚಿತ್ರದ ಒಡೆಯ ಯಾರು?

ಕೃತಿಸ್ವಾಮ್ಯ ಕಾಯಿದೆ, 1957ರ ಪ್ರಕಾರ ಛಾಯಾಚಿತ್ರವು ಒಂದು ಕಲಾಕೃತಿ. ಅದನ್ನು ತೆಗೆದ ವ್ಯಕ್ತಿಯೇ ಅದರ ಕರ್ತೃ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಸಾಮಾನ್ಯ ನಿಯಮದಂತೆ ಕರ್ತೃವೇ ಮೊದಲ ಒಡೆಯನಾದರೂ ಕಾಯಿದೆಯ 17ನೇ ಕಲಮು ವರ್ತಕರಿಗೆ ಉಪಯುಕ್ತವಾದ ಎರಡು ಅಪವಾದಗಳನ್ನು ಹೇಳುತ್ತದೆ. ಒಬ್ಬರ ಕೋರಿಕೆಯ ಮೇರೆಗೆ, ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರಕ್ಕೆ ಕೋರಿದವರೇ ಮೊದಲ ಒಡೆಯರು. ನೌಕರನು ತನ್ನ ಕೆಲಸದ ಭಾಗವಾಗಿ ತೆಗೆದ ಚಿತ್ರಕ್ಕೆ ಮಾಲೀಕರು ಒಡೆಯರು. ಎರಡೂ ಕಡೆ ‘ವಿರುದ್ಧವಾದ ಕರಾರು ಇಲ್ಲದಿದ್ದರೆ’ ಎಂಬ ಷರತ್ತಿದೆ. ಛಾಯಾಚಿತ್ರಕಾರರು ಕೊಡುವ ಮುದ್ರಿತ ಕೊಟೇಶನ್ನಿನ ಕೆಳಗಿನ ಸಣ್ಣ ಅಕ್ಷರಗಳಲ್ಲಿ ‘ಹಕ್ಕು ಸ್ಟುಡಿಯೋದ್ದು’ ಎಂದು ಇದೆಯೇ ಎಂಬುದನ್ನು ಓದಿ ನೋಡಬೇಕಾದದ್ದು ಈ ಕಾರಣಕ್ಕೆ.

ಇಲ್ಲಿ ‘ಪ್ರತಿಫಲ’ ಎಂಬ ಪದವೇ ಮುಖ್ಯ. ಸ್ಟುಡಿಯೋಕ್ಕೆ ನಗದು ಕೊಟ್ಟು ಬಿಲ್ಲು ಪಡೆಯದೆ ಬಂದ ವರ್ತಕರು ಎರಡು ಕಡೆ ಕಳೆದುಕೊಳ್ಳುತ್ತಾರೆ. ಸ್ಟುಡಿಯೋ ಜಿಎಸ್‌ಟಿ ನೋಂದಾಯಿತವಾಗಿದ್ದು ವರ್ತಕರೂ ಸಾಮಾನ್ಯ ನೋಂದಣಿಯಲ್ಲಿದ್ದರೆ ಆ ಬಿಲ್ಲಿನ ಮೇಲಿನ ಹೂಡುವಳಿ ತೆರಿಗೆಯ ಜಮೆ ತಪ್ಪುತ್ತದೆ. ಜೊತೆಗೆ ಚಿತ್ರದ ಒಡೆತನ ತೋರಿಸುವ ಏಕೈಕ ಕಾಗದವೂ ಇಲ್ಲವಾಗುತ್ತದೆ. ಬಿಲ್ಲಿನ ಮೇಲೆ ‘ಫೋಟೋ ಚಾರ್ಜು’ ಎಂದಷ್ಟೇ ಬರೆದಿದ್ದರೂ ಸಾಲದು. ಯಾವ ಸರಕಿನ ಎಷ್ಟು ಚಿತ್ರ, ಯಾವ ದಿನ ತೆಗೆದದ್ದು ಎಂಬ ಒಂದು ಸಾಲು ಇರಬೇಕು. ಜಾಹೀರಾತು ಖರ್ಚಿನ ಖಾತೆಗೆ ಬರೆಯುವ ವೋಚರಿಗೆ ಅದೇ ಬಿಲ್ಲನ್ನು ಲಗತ್ತಿಸಿದರೆ ಪುರಾವೆಯು ಲೆಕ್ಕಪತ್ರದೊಳಗೇ ಸೇರಿಕೊಳ್ಳುತ್ತದೆ.

ಮನೆಮಂದಿ ಅಥವಾ ಸ್ನೇಹಿತರು ಮೊಬೈಲಿನಲ್ಲಿ ಉಚಿತವಾಗಿ ತೆಗೆದುಕೊಟ್ಟ ಚಿತ್ರದ ಸ್ಥಿತಿ ಬೇರೆ. ರಜೆಗೆ ಬಂದ ಮಗ ನೌಕರನೂ ಅಲ್ಲ, ಹಣವನ್ನೂ ಪಡೆದಿಲ್ಲ. ಆದಕಾರಣ ಚಿತ್ರ ಮಗನದು. ತಂದೆ ಮಗನ ನಡುವೆ ಇದರಿಂದ ವ್ಯಾಜ್ಯ ಬರಲಾರದು. ಆದರೆ ಎದುರು ಪಕ್ಷದ ವಕೀಲರು ಈ ಅಂಶವನ್ನು ಎತ್ತದೆ ಬಿಡುವುದೂ ಇಲ್ಲ. ಇದಕ್ಕೆ ಪರಿಹಾರ ಸುಲಭ: 19ನೇ ಕಲಮಿನಂತೆ, ತೆಗೆದವರು ಸಹಿ ಮಾಡಿದ ಹಕ್ಕು ವರ್ಗಾವಣೆ ಪತ್ರ. ಅದರಲ್ಲಿ ಚಿತ್ರಗಳ ವಿವರ, ವರ್ಗಾಯಿಸುವ ಹಕ್ಕು, ಅವಧಿ, ಪ್ರದೇಶ, ಪ್ರತಿಫಲ ಇವನ್ನು ಬರೆಯಬೇಕು. ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯಿದೆ ಭಾವಿಸುತ್ತದೆ. ವಿದೇಶಕ್ಕೆ ರಫ್ತು ಮಾಡುವವರು ಎರಡನೆಯದನ್ನು ಮರೆಯಬಾರದು.

ಸೀರೆ ಹಾಗೂ ಸಿದ್ಧ ಉಡುಪಿನ ವ್ಯಾಪಾರದಲ್ಲಿ ಮತ್ತೊಂದು ತೊಡಕಿದೆ. ಸಗಟು ವ್ಯಾಪಾರಿಗಳು ಚಿತ್ರಗಳನ್ನು ವಾಟ್ಸಾಪ್ ಗುಂಪುಗಳಿಗೆ ಕಳುಹಿಸುತ್ತಾರೆ. ಮರುಮಾರಾಟಗಾರರು ಅವನ್ನೇ ತಮ್ಮ ಗುಂಪುಗಳಿಗೆ ದಾಟಿಸುತ್ತಾರೆ. ‘ಚಿತ್ರ ಹಾಕಿ ಮಾರಿರಿ’ ಎಂದು ತಾವೇ ಹಂಚಿದ ಮೇಲೆ ಬಳಸಿದವನನ್ನು ಕಳ್ಳನೆನ್ನುವುದು ಕಷ್ಟ. ‘ನಮ್ಮಿಂದ ಕೊಂಡ ಸರಕಿನ ಮಾರಾಟಕ್ಕೆ ಮಾತ್ರ, ದಾಸ್ತಾನು ಮುಗಿಯುವವರೆಗೆ ಮಾತ್ರ’ ಎಂಬ ಷರತ್ತನ್ನು ಪ್ರತಿ ಕಂತಿನ ಚಿತ್ರಗಳ ಜೊತೆ ಕಳುಹಿಸುವ ಸಗಟು ವ್ಯಾಪಾರಿಗೆ ಈ ಕಷ್ಟ ಬರುವುದಿಲ್ಲ. ಇನ್ನು ಕೊಳ್ಳುವವರ ಕಡೆಯಿಂದ ನೋಡಿದರೆ, ಉತ್ಪಾದಕರ ಕ್ಯಾಟಲಾಗಿನ ಚಿತ್ರವನ್ನು ಲಿಸ್ಟಿಂಗಿಗೆ ಬಳಸುವ ಚಿಲ್ಲರೆ ವರ್ತಕರು ಅದನ್ನು ಮೂರನೆಯವರು ನಕಲು ಮಾಡಿದರೆಂದು ತಮ್ಮ ಹೆಸರಿನಲ್ಲಿ ದೂರು ಕೊಡುವಂತಿಲ್ಲ. ಆ ಹಕ್ಕು ಉತ್ಪಾದಕರದು.

ಚಿತ್ರದ ಹಕ್ಕು ಬೇರೆ, ಸರಕಿನ ಹಕ್ಕು ಬೇರೆ

ಎದುರಾಳಿಯು ಅದೇ ಬಗೆಯ ಸೀರೆಯನ್ನು ತಂದು, ತಾನೇ ಹೊಸದಾಗಿ ಚಿತ್ರ ತೆಗೆದರೆ ಛಾಯಾಚಿತ್ರದ ಕೃತಿಸ್ವಾಮ್ಯ ಉಲ್ಲಂಘನೆಯಾಗುವುದಿಲ್ಲ. ಸರಕಿನ ಆಕಾರ, ವಿನ್ಯಾಸಗಳ ರಕ್ಷಣೆಗೆ ವಿನ್ಯಾಸ ಕಾಯಿದೆ, 2000ರ ನೋಂದಣಿ ಬೇಕು. ಹೆಸರಿಗೆ ವ್ಯಾಪಾರ ಚಿಹ್ನೆ ಕಾಯಿದೆ, 1999 ಇದೆ. ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆಗಳಂತಹ ಸರಕಿಗೆ ಭೌಗೋಳಿಕ ಸೂಚಕದ ಕಾಯಿದೆ ಇದೆ. ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡ ಉತ್ಪಾದಕರು ಕೊನೆಯ ಈ ಕಾಯಿದೆಯಡಿ ಸ್ವತಃ ದಾವೆ ಹೂಡಬಹುದು. ಮೇಲಿನ ಉದಾಹರಣೆಯ ಅನುಕರಣೆ ಸೀರೆಯನ್ನು ‘ಇಳಕಲ್’ ಎಂಬ ಹೆಸರಿನಲ್ಲೇ ಮಾರುತ್ತಿದ್ದರೆ ಚಿತ್ರದ ದೂರಿಗಿಂತ ಈ ದಾರಿ ಬಲವಾದದ್ದು.

ಕೆಲವು ಮಾರಾಟ ತಾಣಗಳಲ್ಲಿ ಒಂದೇ ಸರಕಿಗೆ ಒಂದೇ ಪುಟವಿದ್ದು, ಹಲವು ಮಾರಾಟಗಾರರು ಅದಕ್ಕೆ ಜೋಡಿಸಿಕೊಳ್ಳಬಹುದು. ಚಿತ್ರವನ್ನು ಏರಿಸುವಾಗ ಒಪ್ಪಿಕೊಳ್ಳುವ ಕರಾರಿನಲ್ಲಿ ತಾಣಕ್ಕೆ ಅದರ ಬಳಕೆಯ ಅನುಮತಿಯನ್ನೂ ಕೊಟ್ಟಿರುತ್ತಾರೆ. ಹೀಗೆ ಜೋಡಿಸಿಕೊಂಡವನ ಬಗ್ಗೆ ‘ಚಿತ್ರ ಕದ್ದನು’ ಎಂದು ಬರೆದ ದೂರು ತಿರಸ್ಕೃತವಾಗಬಹುದು. ‘ಈ ಪುಟದಲ್ಲಿ ತೋರಿಸಿದ ಸರಕು ಬೇರೆ, ಈತನು ಕಳುಹಿಸುತ್ತಿರುವುದು ಬೇರೆ’ ಎಂಬುದೇ ಇಲ್ಲಿ ಸರಿಯಾದ ದೂರು. 2022ರ ಆಗಸ್ಟಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಮಹಿಳೆಯರ ಉಡುಪಿನ ಒಬ್ಬ ವರ್ತಕರು ಫ್ಲಿಪ್‌ಕಾರ್ಟ್ ವಿರುದ್ಧ ಹೂಡಿದ ದಾವೆಯಲ್ಲಿ, ಫಿರ್ಯಾದಿಯ ಅನುಮತಿಯಿಲ್ಲದೆ ಇತರ ಮಾರಾಟಗಾರರು ಅವರ ಚಿಹ್ನೆಗೂ ಲಿಸ್ಟಿಂಗಿಗೂ ಚಿತ್ರಗಳಿಗೂ ಜೋಡಿಸಿಕೊಳ್ಳುವುದನ್ನು ತಡೆಯಿತು. ಅಂತಹ ನಡತೆ ಬೆನ್ನೇರಿ ಸವಾರಿ ಮಾಡಿದಂತೆ ಎಂಬುದು ನ್ಯಾಯಾಲಯದ ಅಭಿಪ್ರಾಯ. ಸ್ವಂತ ಹೆಸರಿನಲ್ಲಿ ಮಾರುವ ಸಣ್ಣ ಉತ್ಪಾದಕರಿಗೆ ಈ ಆದೇಶ ಆಧಾರವಾಗಬಲ್ಲದು.

ಪುರಾವೆ ಕೂಡಿಡುವ ಬಗೆ

ಚಿತ್ರದ ಮೇಲೆ ಅಂಗಡಿಯ ಹೆಸರನ್ನು ಅಡ್ಡಲಾಗಿ ಅಚ್ಚು ಹಾಕುವುದು ಹಲವರಿಗೆ ಹೊಳೆಯುವ ಉಪಾಯ. ಸ್ವಂತ ಜಾಲತಾಣಕ್ಕೂ ವಾಟ್ಸಾಪಿಗೂ ಅದು ಸರಿ. ಅಮೆಜಾನ್‌ನಂತಹ ತಾಣಗಳಲ್ಲಿ ಮುಖ್ಯ ಚಿತ್ರವು ಅಪ್ಪಟ ಬಿಳಿ ಹಿನ್ನೆಲೆಯಲ್ಲಿದ್ದು, ಯಾವ ಬರಹವೂ ಇಲ್ಲದೆ ಇರಬೇಕೆಂಬ ನಿಯಮವಿದೆ. ಮೇಲಾಗಿ ಅಚ್ಚನ್ನು ಅಳಿಸುವ ತಂತ್ರಾಂಶ ಈಗ ಎಲ್ಲರ ಕೈಯಲ್ಲೂ ಇದೆ.

ಇದಕ್ಕಿಂತ ಗಟ್ಟಿಯಾದ ಉಪಾಯವು ಖರ್ಚಿಲ್ಲದ್ದು. ಒಂದೇ ಬೈಠಕಿನಲ್ಲಿ 10 ಚಿತ್ರ ತೆಗೆದು 6ನ್ನು ಮಾತ್ರ ಪ್ರಕಟಿಸಬೇಕು. ಉಳಿದ 4ನ್ನು ಯಾರಿಗೂ ಕಳುಹಿಸದೆ ಇಟ್ಟುಕೊಳ್ಳಬೇಕು. ಅದೇ ಸೀರೆ, ಅದೇ ಮಡಿಕೆ, ಅದೇ ನೆರಳು, ಸ್ವಲ್ಪ ಬೇರೆ ಕೋನ. ನಕಲು ಮಾಡಿದವನ ಬಳಿ ಇವು ಇರಲು ಸಾಧ್ಯವೇ ಇಲ್ಲ. ಕ್ಯಾಮೆರಾದಿಂದ ಬಂದ ಮೂಲ ಕಡತದಲ್ಲಿ ತೆಗೆದ ದಿನ, ಸಮಯ, ಉಪಕರಣದ ವಿವರಗಳು ಅಡಕವಾಗಿರುತ್ತವೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಅವು ಅಳಿದುಹೋಗುತ್ತವೆ. ಆದಕಾರಣ ಛಾಯಾಚಿತ್ರಕಾರರಿಂದ ಮೂಲ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಪಡೆಯುವುದು ಒಳ್ಳೆಯದು.

ನಕಲು ಕಂಡ ಕೂಡಲೇ ಮಾರಾಟಗಾರನಿಗೆ ಸಂದೇಶ ಕಳುಹಿಸಿ ಜಗಳ ತೆಗೆಯುವುದು ಮನುಷ್ಯ ಸಹಜ. ವ್ಯವಹಾರದ ದೃಷ್ಟಿಯಿಂದ ಅದು ಅವಿವೇಕ. ಎಚ್ಚೆತ್ತವನು ಪುಟವನ್ನು ಅಳಿಸಿ ಬೇರೆ ಹೆಸರಿನಲ್ಲಿ ಬರುತ್ತಾನೆ. ಪುಟದ ಪೂರ್ಣ ವಿಳಾಸ, ದಿನಾಂಕ, ಮಾರಾಟಗಾರನ ಹೆಸರು, ಬೆಲೆ ಕಾಣುವಂತೆ ಮೊದಲು ಪರದೆಯ ಪ್ರತಿ ತೆಗೆಯಬೇಕು. ಗೂಗಲ್ ಲೆನ್ಸ್‌ನಲ್ಲಿ ಚಿತ್ರವನ್ನು ಹುಡುಕಿದರೆ ಇನ್ನೆಲ್ಲೆಲ್ಲಿ ಬಳಕೆಯಾಗಿದೆ ಎಂಬ ಸುಳಿವೂ ಸಿಗುತ್ತದೆ. ಬಳಿಕ ಒಂದು ಸರಕನ್ನು ಕೊಂಡುಕೊಳ್ಳಬೇಕು. ಪೊಟ್ಟಣ ಬಿಚ್ಚುವುದನ್ನು ತಡೆಯಿಲ್ಲದೆ ವಿಡಿಯೋ ಮಾಡಿ, ಬಿಲ್ಲನ್ನು ಕಾಯ್ದಿಡಬೇಕು. ಬಿಲ್ಲಿನ ಮೇಲಿನ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ 2 ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29, ಗುಜರಾತಿಗೆ 24. ನಂತರದ 10 ಅಕ್ಷರ ಪ್ಯಾನ್. ಜಿಎಸ್‌ಟಿ ಪೋರ್ಟಲಿನಲ್ಲಿ ಆ ಸಂಖ್ಯೆಯನ್ನು ಕೊಟ್ಟರೆ ಅಂಗಡಿಯ ಆಕರ್ಷಕ ಹೆಸರಿನ ಹಿಂದಿರುವ ಕಾನೂನುಬದ್ಧ ಹೆಸರು ತಿಳಿಯುತ್ತದೆ. ನೋಟೀಸು ಕಳುಹಿಸಬೇಕಾದದ್ದು ಆ ಹೆಸರಿಗೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನಂತೆ, ಇಂತಹ ವಿದ್ಯುನ್ಮಾನ ದಾಖಲೆಗಳ ಪ್ರತಿಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಪಕ್ಷಕಾರರು, ಇನ್ನೊಂದಕ್ಕೆ ತಜ್ಞರು ಸಹಿ ಮಾಡಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು.

ದೂರು, ನೋಟೀಸು, ದಾವೆ

ಬಹುಪಾಲು ಪ್ರಕರಣಗಳು ತಾಣದ ಬೌದ್ಧಿಕ ಸ್ವತ್ತಿನ ದೂರು ನಮೂನೆಯಲ್ಲೇ ಮುಗಿಯಬಲ್ಲವು. ಮೂಲ ಪುಟದ ಮತ್ತು ನಕಲು ಪುಟದ ವಿಳಾಸ, ಒಡೆತನದ ಆಧಾರ, ಪ್ರಕಟಣೆಯ ದಿನಾಂಕ ಇಷ್ಟನ್ನು ಕೋಪವಿಲ್ಲದ ಭಾಷೆಯಲ್ಲಿ ಬರೆದರೆ ಸಾಕು. ಕೊಂಡ ಸರಕು ಚಿತ್ರಕ್ಕೆ ಹೊಂದದಿದ್ದರೆ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ 5ನೇ ನಿಯಮವನ್ನೂ ಉಲ್ಲೇಖಿಸಬಹುದು. ವಿವರಣೆಯೂ ಚಿತ್ರಗಳೂ ಸರಕಿಗೆ ನೇರವಾಗಿ ಹೊಂದಿಕೆಯಾಗುವಂತೆ ಮಾರಾಟಗಾರರಿಂದ ಮುಚ್ಚಳಿಕೆ ಪಡೆಯಬೇಕೆಂದು ಅದು ತಾಣಗಳಿಗೆ ವಿಧಿಸಿದೆ. ಪದೇ ಪದೇ ಉಲ್ಲಂಘಿಸುವ ಮಾರಾಟಗಾರರ ದಾಖಲೆ ಇಡಲು ಯತ್ನಿಸಬೇಕೆಂದೂ ಹೇಳಿದೆ.

ಕೃತಿಸ್ವಾಮ್ಯ ನಿಯಮಗಳು, 2013ರ 75ನೇ ನಿಯಮದ ನೋಟೀಸು ಇದಕ್ಕಿಂತ ಗಂಭೀರವಾದದ್ದು. ಕೃತಿಯ ತಾತ್ಕಾಲಿಕ ಅಥವಾ ಆನುಷಂಗಿಕ ಸಂಗ್ರಹ ಮಾಡಿರುವವರು ದೂರು ಮನವರಿಕೆಯಾದರೆ 36 ಗಂಟೆಗಳೊಳಗೆ ಪ್ರವೇಶವನ್ನು ನಿಲ್ಲಿಸಬೇಕು. ಆದರೆ ದಾವೆ ಹೂಡಿ 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರುವುದಾಗಿ ದೂರುದಾರರೂ ಮುಚ್ಚಳಿಕೆ ಕೊಡಬೇಕು. ದಾವೆಯ ಸಿದ್ಧತೆಯಿಲ್ಲದವರು ಇದಕ್ಕೆ ಸಹಿ ಮಾಡಬಾರದು. ಹಕ್ಕಿಲ್ಲದೆ ಬೆದರಿಕೆಯ ನೋಟೀಸು ಕಳುಹಿಸಿದರೆ 60ನೇ ಕಲಮಿನಂತೆ ಬೆದರಿಕೆಗೆ ಒಳಗಾದವನೇ ಪರಿಹಾರ ಕೇಳಿ ದಾವೆ ಹೂಡಬಹುದೆಂಬುದೂ ನೆನಪಿರಲಿ. ಎದುರಾಳಿಯನ್ನು ಹಬ್ಬದ ಮಾರಾಟದ ವೇಳೆಗೆ ಮೂಲೆಗೊತ್ತಲು ಸುಳ್ಳು ದೂರು ಕೊಡುವವರೂ ವ್ಯಾಪಾರದಲ್ಲಿ ಇಲ್ಲದಿಲ್ಲ.

ಉದ್ದೇಶಪೂರ್ವಕ ಉಲ್ಲಂಘನೆ 63ನೇ ಕಲಮಿನಂತೆ ಅಪರಾಧ: 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ, ಜಾಮೀನು ರಹಿತ ಅಪರಾಧವೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ತೀರ್ಮಾನಿಸಿದೆ. ಸಿವಿಲ್ ದಾವೆಯಲ್ಲಿ ತಡೆಯಾಜ್ಞೆ, ನಷ್ಟಪರಿಹಾರ ಅಥವಾ ಎದುರಾಳಿ ಗಳಿಸಿದ ಲಾಭದ ಲೆಕ್ಕವನ್ನು ಕೇಳಬಹುದು. ಮೌಲ್ಯ 3 ಲಕ್ಷ ರೂಪಾಯಿ ಮೀರಿದರೆ ಅದು ವಾಣಿಜ್ಯ ನ್ಯಾಯಾಲಯದ ವ್ಯಾಜ್ಯ. ತುರ್ತು ಪರಿಹಾರ ಕೋರದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ನಷ್ಟವನ್ನು ಅಂದಾಜಿನಲ್ಲಿ ಹೇಳಿದರೆ ನ್ಯಾಯಾಲಯ ಒಪ್ಪದು. ಆ ಸರಕಿನ ತಿಂಗಳವಾರು ಮಾರಾಟ, ಹಿಂದಿರುಗಿ ಬಂದ ಸರಕು, ಜಾಹೀರಾತಿಗೆ ಹಾಕಿದ ಹಣ ಇವನ್ನು ನಕಲು ಕಾಣಿಸಿಕೊಳ್ಳುವ ಹಿಂದಿನ ಮತ್ತು ಮುಂದಿನ ತಿಂಗಳುಗಳಿಗೆ ಎದುರುಬದುರು ಇಟ್ಟು ತೋರಿಸಬೇಕು. ತಾಣಗಳು ಕೊಡುವ ಪಾವತಿ ವರದಿಗಳನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಇಡದವರಿಗೆ ಈ ಕೋಷ್ಟಕ ಸಿದ್ಧಪಡಿಸಲಾಗದು. ಪರೀಕ್ಷೆಗಾಗಿ ಕೊಂಡ ಸೀರೆಯನ್ನು ಖರೀದಿ ಖಾತೆಗೆ ಬರೆಯದೆ ಕಾನೂನು ಖರ್ಚಿನ ಖಾತೆಗೆ ಬರೆದು, ದಾಸ್ತಾನಿನಿಂದ ಹೊರಗಿಡಬೇಕು. ಇಲ್ಲವಾದರೆ ಪುರಾವೆಯೇ ಮಾರಾಟವಾಗಿ ಹೋದೀತು.

ಪರಿಹಾರದ ದಾವೆಗೆ ಕಾಲಮಿತಿ ಕಾಯಿದೆಯಂತೆ ಉಲ್ಲಂಘನೆಯ ದಿನದಿಂದ 3 ವರ್ಷಗಳ ಅವಧಿಯಿದೆ. ಜಿಎಸ್‌ಟಿಗಾಗಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟು ಆಮೇಲೆ ರದ್ದಿಗೆ ಹಾಕುವ ರೂಢಿಯುಳ್ಳವರು, ಛಾಯಾಚಿತ್ರಕಾರರ ಬಿಲ್ಲನ್ನೂ ಹಕ್ಕು ವರ್ಗಾವಣೆ ಪತ್ರವನ್ನೂ ಆ ಕಟ್ಟಿನಿಂದ ಬೇರ್ಪಡಿಸಿ, ಚಿತ್ರ ಬಳಕೆಯಲ್ಲಿರುವಷ್ಟು ಕಾಲವೂ ಮೂಲ ಕಡತಗಳ ಜೊತೆಗೇ ಇಡತಕ್ಕದ್ದು.