ಎಚ್‌ಎಲ್‌ಎ ವಂಶವಾಹಿ ವೈವಿಧ್ಯ: ಜಾಗತಿಕ ಸಂಶೋಧನೆ ಮತ್ತು ಬೆಂಗಳೂರು

ಪರಿಕಲ್ಪನೆ: ಮಾನವನ 6ನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ (ಮಾನವ ಶ್ವೇತರಕ್ತಕಣ ಪ್ರತಿಜನಕ) ವಂಶವಾಹಿಗಳು, ದೇಹದ ಸ್ವಂತ ಕೋಶ ಯಾವುದು, ಹೊರಗಿನದು ಯಾವುದು ಎಂದು ರೋಗನಿರೋಧಕ ವ್ಯವಸ್ಥೆ ಗುರುತಿಸಲು ನೆರವಾಗುವ ಪ್ರೋಟೀನುಗಳನ್ನು ರೂಪಿಸುತ್ತವೆ. ಇವುಗಳ ಪರ್ಯಾಯ ರೂಪಗಳಾದ ಆಲೀಲುಗಳು ಸಾವಿರಾರು ಇರುವುದರಿಂದ, ಅಸ್ಥಿಮಜ್ಜೆ ಕಸಿಗೆ ಹೊಂದುವ ದಾನಿ ಸುಲಭವಾಗಿ ದೊರೆಯುವುದಿಲ್ಲ. ಒಡಹುಟ್ಟಿದ ಒಬ್ಬರು ಪೂರ್ಣವಾಗಿ ಹೊಂದುವ ಸಾಧ್ಯತೆಯೂ ಶೇ. 25 ಮಾತ್ರ.

ಅಂತರರಾಷ್ಟ್ರೀಯ ಸಮನ್ವಯ: ಎಚ್‌ಎಲ್‌ಎ ವಂಶವಾಹಿಗಳು ರೂಪಿಸುವ ಈ ಪ್ರೋಟೀನುಗಳಲ್ಲಿ, ಅಂದರೆ ಪ್ರತಿಜನಕಗಳಲ್ಲಿ, ಮೊದಲನೆಯದನ್ನು 1958ರಲ್ಲಿ ವಿವರಿಸಿದ ಫ್ರಾನ್ಸಿನ ಜೀನ್ ಡಾಸೆಟ್ 1980ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಬರೂಜ್ ಬೆನಸೆರಾಫ್ ಮತ್ತು ಜಾರ್ಜ್ ಸ್ನೆಲ್ ಅವರೊಂದಿಗೆ ಹಂಚಿಕೊಂಡರು. ಇವುಗಳನ್ನು ಗುರುತಿಸುವ ಪರೀಕ್ಷೆಗಳಲ್ಲಿ ಬೇರೆ ಬೇರೆ ಪ್ರಯೋಗಾಲಯಗಳ ಫಲಿತಾಂಶಗಳು ಪರಸ್ಪರ ತಾಳೆಯಾಗದಿದ್ದ ಕಾರಣ, 1964ರಲ್ಲಿ ಅಮೆರಿಕದ ಡರ್ಹಾಮ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಕಾರ್ಯಾಗಾರ ನಡೆಯಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ನಾಮಕರಣ ಸಮಿತಿಯು ಎಚ್‌ಎಲ್‌ಎ ರೂಪಗಳಿಗೆ ಎಲ್ಲ ದೇಶಗಳಲ್ಲೂ ಬಳಸಬಹುದಾದ ಏಕರೂಪದ ಹೆಸರುಗಳನ್ನು ಒದಗಿಸಿತು.

ಕರ್ನಾಟಕ: ಜರ್ಮನಿಯ ದಾನಿ ನೋಂದಣಿ ಸಂಸ್ಥೆ ಡಿಕೆಎಂಎಸ್ ಮತ್ತು ಬೆಂಗಳೂರು ಮೆಡಿಕಲ್ ಸರ್ವೀಸಸ್ ಟ್ರಸ್ಟ್‌ಗಳ ಜಂಟಿ ಪ್ರತಿಷ್ಠಾನವು ಬೆಂಗಳೂರಿನಿಂದ ಇಂತಹ ಕಸಿಗೆ ಬೇಕಾದ ರಕ್ತ ಆಕರಕೋಶಗಳ ದಾನಿಗಳನ್ನು ನೋಂದಾಯಿಸುತ್ತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು 20 ಸಂಸ್ಥೆಗಳನ್ನು ಸಮನ್ವಯಗೊಳಿಸಿ, ಭಾರತೀಯರ ವಂಶವಾಹಿ ವೈವಿಧ್ಯವನ್ನು ದಾಖಲಿಸುವ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದೆ.

ಮಹತ್ವ: ಹೊಂದುವ ದಾನಿ ಸಾಮಾನ್ಯವಾಗಿ ರೋಗಿಯ ಪೂರ್ವಜ ಮೂಲದವರಲ್ಲೇ ದೊರೆಯುವ ಸಂಭವ ಹೆಚ್ಚಾದುದರಿಂದ, ಭಾರತದ ಎಲ್ಲ ಸಮುದಾಯಗಳೂ ದಾನಿಗಳ ನೋಂದಣಿಯಲ್ಲಿ ಪ್ರತಿನಿಧಿಸಲ್ಪಡುವುದು ಜೀವರಕ್ಷಣೆಗೆ ಅತ್ಯಗತ್ಯ.